ಪಿಳ್ಳಪ್ಪ ಭಾವನ ಭಾರದ ಗೇರು

ಜನ ಕೂರೋದರ ಮೇಲೆ ಹೊಟ್ಟೆ ಹೊರೆಯೋ ಮನುಷ್ಯ ನಾನು. ನೆಲಮಂಗಲದಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ. ಚೇರು, ಜಮಖಾನ, ಪಾತ್ರೆಪಡಗ ಎಲ್ಲಾ ಬಾಡಿಗೆಗೆ ಕೊಡ್ತೀನಿ. ಮದುವೆ, ನಾಮಕರಣ, ತಿಥಿ ಅಂತ ಜನ ಕೂತದ್ದು, ಎದ್ದದ್ದು, ಮುನಿಸಿಕೊಂಡು ಎದ್ದುಹೋದದ್ದು ಎಲ್ಲಾ ನೋಡಿದ್ದೀನಿ. ಆದರೆ ಕೂರಲಾರದೆ ಒಂದು ಮದುವೆ ಮುರಿಯೋ ಮಟ್ಟಕ್ಕೆ ಹೋದದ್ದನ್ನ ನೋಡಿದ್ದು ಮಾತ್ರ ನಮ್ಮ ಅಕ್ಕನ ಮನೆಯಲ್ಲಿ. ಮಾಡಿದ್ದು ನಮ್ಮ ಭಾವ. ಮಾಡಿಸಿದ್ದು ಕೇಸರಿಬಾತು.

ನಮ್ಮ ಅಕ್ಕ ಅಂಜಿನಮ್ಮನ ಗಂಡ ಪಿಳ್ಳಪ್ಪ, ಅರಿಶಿನಕುಂಟೆಯವರು. ಹೊಲದ ಅರ್ಧದಲ್ಲಿ ರಾಗಿ, ಇನ್ನರ್ಧದಲ್ಲಿ ಯಾವುದೋ ಕಂಪನಿಯ ಗೋಡೌನು. ಆ ಗೋಡೌನಿಗೆ ಭಾವನೇ ಸೂಪರ್‌ವೈಸರು. ಲಾರಿ ಬಂದಾಗ ಚೇರಿಂದ ಎದ್ದು "ಬಾ, ಬಾ, ಬಾ, ಸಾಕು" ಅನ್ನೋದು, ಮತ್ತೆ ಕೂರೋದು. ಹೀಗೆ ದುಡಿದು ದುಡಿದು ಭಾವನಿಗೆ ಒಳ್ಳೇ ಹೊಟ್ಟೆ ಬಂದಿತ್ತು.

ಮಗಳು ಸಿಂಚನ ದಾಬಸ್‌ಪೇಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಆ ಫ್ಯಾಕ್ಟರಿ ಬಸ್ಸಲ್ಲೇ ಓಡಾಡೋ ಆನಂದ್ ಅನ್ನೋ ಹುಡುಗನನ್ನ ಮೆಚ್ಚಿದಳು. ಪುಣ್ಯಕ್ಕೆ ಜಾತಿ ಕೂಡಿತು, ಜಾತಕ ಕೂಡಿತು, ಎರಡೂ ಮನೆಯವರಿಗೆ ಇದೆಲ್ಲ ತಾವೇ ಹುಡುಕಿದ ಸಂಬಂಧ ಅನ್ನಿಸೋ ಹಾಗೆ ನಾನು ನಡುವೆ ನಿಂತು ನಾಟಕವನ್ನೂ ಆಡಿದೆ. ಸೋದರಮಾವ ಅಂದಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಹೆಣ್ಣು ನೋಡೋಕೆ ಬರೋ ದಿನ ಸಿಂಚನ ನನ್ನನ್ನ ಅಡುಗೆಮನೆಗೆ ಎಳ್ಕೊಂಡು ಹೋಗಿ, "ಮಾವ, ಈ ಸಂಬಂಧ ಕೆಟ್ರೆ ನಾನು ಇನ್ನೊಬ್ಬರ ಮುಂದೆ ಕಾಫಿ ಲೋಟ ಹಿಡ್ಕಂಡು ಬರಲ್ಲ. ಅಪ್ಪನ ಬಾಯಿ ನೋಡ್ಕೊಳೋ ಜವಾಬ್ದಾರಿ ನಿಂದು" ಅಂದಳು.

ಅಪ್ಪನ ಬಾಯಲ್ಲಿ ಆಗ ಕೇಸರಿಬಾತಿತ್ತು. ಅದಕ್ಕೇ ನಾನೂ ನಿಶ್ಚಿಂತೆಯಾಗಿದ್ದೆ.

ಹುಡುಗನ ಅಪ್ಪ ಚಿಕ್ಕವೆಂಕಟಪ್ಪ, ಬಿಳಿ ಪಂಚೆ, ಬಿಳಿ ಷರಟು, ನೆಟ್ಟಗಿನ ಬೆನ್ನು. ಅಕ್ಕ ಎರಡನೇ ಸಲ ಕೇಸರಿಬಾತು ಬಡಿಸೋಕೆ ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದು, "ಬ್ಯಾಡ ಕಣಮ್ಮ. ನಾನು ಸಕ್ರೆ ಕಮ್ಮಿ. ದಿನಾ ಬೆಳಗ್ಗೆ ಸೈಕಲ್ ಹೊಡೀತೀನಿ" ಅಂತ ತೊಡೆಯನ್ನ ಪಟ್ ಅಂತ ತಟ್ಟಿದರು.

ಎಲ್ಲರ ಕಣ್ಣೂ ನಮ್ಮ ಭಾವನ ತಟ್ಟೆ ಮೇಲೆ ಬಿತ್ತು. ಅದರಲ್ಲಿ ಮೂರನೇ ಸಲ ಹಾಕಿಸಿಕೊಂಡ ಕೇಸರಿಬಾತು, ಮೇಲೆ ಎರಡು ಗೋಡಂಬಿ. ಭಾವ ಬಾಯಲ್ಲಿದ್ದದ್ದನ್ನ ನುಂಗಿ, "ನಾನೂ ಹೊಡೀತೀನಿ" ಅಂದರು.

ನಾನು ಕಾಫಿ ಲೋಟ ಕೆಳಗಿಟ್ಟೆ. ನಮ್ಮ ಭಾವ ಹೈಸ್ಕೂಲು ಬಿಟ್ಟಮೇಲೆ ಸೈಕಲ್ ಮುಟ್ಟಿದ್ದನ್ನ ಕಂಡೋರಿಲ್ಲ.

"ಹೌದಾ! ಗೇರ್ ಸೈಕಲ್ಲಾ ಬೀಗ್ರೆ?"

"ಮತ್ತೆ? ಭಾರದ ಗೇರು. ನಾವೆಲ್ಲ ಭಾರದ ಗೇರೇ. ಹಗುರದ್ದು ಏನಿದ್ರೂ ಮಕ್ಳಿಗೆ."

ಚಿಕ್ಕವೆಂಕಟಪ್ಪನವರ ಮುಖ ಕೊಂಚ ಬಾಡಿತು. ಆಮೇಲೆ ಸುಧಾರಿಸಿಕೊಂಡು, "ಹಂಗಾದ್ರೆ ತಾಂಬೂಲ ಮುಗೀಲಿ, ಒಂದಿನ ಇಬ್ರೂ ಶಿವಗಂಗೆವರ್ಗೂ ಹೊಡ್ಕಂಡ್ ಹೋಗಿ ಬರಾಣ" ಅಂದರು. ಭಾವ "ಅದಕ್ಕೇನು" ಅಂದರು. ಒಳಗಿನಿಂದ ಸಿಂಚನ ಹಣೆ ಚಚ್ಚಿಕೊಂಡ ಸದ್ದು ನನಗೆ ಕೇಳಿಸಿತು.

ಮಾರನೇ ವಾರವೇ ಭಾವ ಒಂದು ಹಳೇ ಗೇರ್ ಸೈಕಲ್ಲು ತಂದರು. ಬಿದ್ದರೆ ಎರಡೂ ಕಾಲು ನೆಲ ಮುಟ್ಟಬೇಕು ಅಂತ ಸೀಟನ್ನ ಎಷ್ಟು ಇಳಿಸಬಹುದೋ ಅಷ್ಟೂ ಇಳಿಸಿದರು. ತುಳಿಯುವಾಗ ಮಂಡಿ ಎದೆಗೆ ಬರೋದು. ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಅದರಲ್ಲಿ ಯಾರೋ ಕಟ್ಟುಮಸ್ತಾದ ಹುಡುಗ, ಗೇರು ಭಾರ ಮಾಡಿ, ಪೆಡಲನ್ನ ನಿಧಾನವಾಗಿ, ಒತ್ತಿ ಒತ್ತಿ ತುಳಿದರೆ ತೊಡೆಗೆ ಭಾರೀ ಬಲ ಬರುತ್ತೆ ಅಂದ. ಅಷ್ಟರಲ್ಲಿ ಜಾಹೀರಾತು ಬಂತು. ಭಾವ ಫೋನು ಆಫ್ ಮಾಡಿದರು. ನಮ್ಮ ಭಾವನಿಗೆ ವಿದ್ಯೆ ಅಂದರೆ ಜಾಹೀರಾತು ಬರೋವರೆಗೆ ಮಾತ್ರ.

ಹೀಗೆ ಅರಿಶಿನಕುಂಟೆಯ ಸರ್ವಿಸ್ ರೋಡಿನಲ್ಲಿ ಮಹಾಸಾಧನೆ ಶುರುವಾಯಿತು. ಎಲ್ಲಕ್ಕಿಂತ ಭಾರದ ಗೇರು. ಭಾವ ಹ್ಯಾಂಡಲ್ ಹಿಡಿದು, ಹಲ್ಲು ಕಚ್ಚಿ, ಬಲಗಾಲಿನ ಮೇಲೆ ಇಡೀ ಮೈ ಹೇರೋರು. ಪೆಡಲು ಯೋಚನೆ ಮಾಡೋದು. ಆಮೇಲೆ ಕೆಳಗಿಳಿಯೋದು. ಮತ್ತೆ ಎಡಗಾಲು. ಎಷ್ಟು ಸುತ್ತು ಆಯ್ತು ಅಂತ ತಪ್ಪಬಾರದು ನೋಡಿ, ಕಣ್ಣು ಅರೆಮುಚ್ಚಿ ಬಾಯಲ್ಲೇ ಎಣಿಸ್ತಾ ಇರೋರು. ಪಕ್ಕದ ಮನೆ ಬೈರಮ್ಮ, ಎಪ್ಪತ್ತು ದಾಟಿದ ಮುದುಕಿ, ಡೈರಿಗೆ ಹಾಲು ಹಾಕೋಕೆ ಕ್ಯಾನು ಹೊತ್ತು ನಡೀತಾ ಇವರನ್ನ ಹಿಂದೆ ಹಾಕಿದಳು. ಹಾಲು ಹಾಕಿ ವಾಪಸ್ ಬರುವಾಗ ಎದುರಿಗೂ ಸಿಕ್ಕಿದಳು. ಭಾವ ಹೆಚ್ಚು ಕಮ್ಮಿ ಅಲ್ಲೇ ಇದ್ದರು.

ಮೊದಮೊದಲು ಜನ ಚೈನು ಕಚ್ಚಿಕೊಂಡಿದೆ ಅಂದುಕೊಂಡರು. ಗ್ಯಾರೇಜಿನೋನು ಕೇಳದೇ ಬಂದು ಆಯಿಲ್ ಬಿಟ್ಟ. ಇಬ್ಬರು ಹೈಕಳು ಹಿಂದಿನಿಂದ ತಳ್ಳಿದರು.

"ಬಿಡ್ರಲಾ! ಇದು ಟ್ರೈನಿಂಗು!" ಅಂತ ಭಾವ ಕೂಗಿದರು.

"ಅದಕ್ಕೇ ಅಣ್ಣಾ, ಟ್ರೈನ್ ಥರ ಹೋಗ್ಲಿ ಅಂತಲೇ ತಳ್ತಾ ಇರೋದು!"

ಒಂದು ದಿನ ಹೈವೇ ಹತ್ತಿರ ಟ್ರಾಫಿಕ್ ಪೊಲೀಸಪ್ಪ ಕೈ ತೋರಿಸಿದ. ಸೈಕಲ್ಲಿನವನನ್ನ ಹಿಡಿಯೋ ರೂಢಿ ಅವನಿಗೂ ಇರಲಿಲ್ಲ ಪಾಪ, ಆದರೆ ಆ ನಿಧಾನ, ಆ ವಾಲಾಟ, ಆ ಅರೆಗಣ್ಣು ನೋಡಿ ಅವನಿಗೂ ತಡೆಯಲಾಗಲಿಲ್ಲ.

"ಯಜಮಾನ್ರೇ, ಬೆಳಬೆಳಗ್ಗೇನೇ ಹಾಕ್ಕಂಡ್‌ ಬಂದಿದ್ದೀರಾ? ಊದಿ ಇಲ್ಲಿ."

ಭಾವ ಊದಿದರು. ಮಿಷನ್ನು ಏನೂ ಇಲ್ಲ ಅಂತು. ಪೊಲೀಸಪ್ಪ ಮಿಷನ್ನನ್ನ ಒಂದು ಸಲ ಕುಟ್ಟಿ ನೋಡಿ, ಭಾವನನ್ನ ಮೇಲಿಂದ ಕೆಳಗೆ ನೋಡಿ, "ಕುಡೀದೇನೇ ಹಿಂಗಾ?" ಅಂತ ಬಹಳ ದುಃಖದಿಂದ ಕೇಳಿ ಕಳಿಸಿಕೊಟ್ಟ.

ಇಷ್ಟಕ್ಕೇ ನಿಂತಿದ್ದರೆ ಭಾವನೂ ಸೈಕಲ್ಲನ್ನ ಮೂಲೆಗೆ ಹಾಕ್ತಿದ್ದರೋ ಏನೋ. ಆದರೆ ಬೈರಮ್ಮ ಇದ್ದಳಲ್ಲ. ದಿನಾ ಹಿಂದೆ ಹಾಕಿ ಹಿಂದೆ ಹಾಕಿ ಅವಳಿಗೂ ಯೋಚನೆ ಹತ್ತಿತು. ಹಿತ್ತಿಲ ಗೋಡೆ ಮೇಲಿಂದ ಅಕ್ಕನನ್ನ ಕರೆದಳು.

"ಅಂಜಿನಮ್ಮ, ನಿನ್ ಗಂಡ ಏನವ್ವ ಹರಕೆ ಹೊತ್ಕಂಡವ್ನೆ?"

"ಹರಕೆನಾ?"

"ಮುಚ್ಚಿಡಬ್ಯಾಡ ನನ್ ಹತ್ರ. ಹಲ್ ಕಚ್ಕಂಡು, ಬಾಯಲ್ಲಿ ಮಣಮಣ ಅಂತ ದ್ಯಾವರ ಹೆಸರು ಹೇಳ್ಕಂಡು, ಒಂದೊಂದೇ ತುಳಿತ ತುಳೀತಾನೆ. ದ್ಯಾವಸ್ಥಾನದ ಸುತ್ತ ಹೆಜ್ಜೆ ನಮಸ್ಕಾರ ಹಾಕೋರು ಹಂಗೇ ಅಲ್ವಾ ಹೋಗೋದು? ಇವ್ನು ಸೈಕಲ್ ಮ್ಯಾಲೆ ಹಾಕ್ತಾವ್ನೆ."

ಬೀಗರ ಜೊತೆ ಪೈಪೋಟಿಗೆ ಬಿದ್ದು ಹೀಗಾಡ್ತಾ ಇದ್ದಾರೆ ಅಂತ ಹೇಳಿಕೊಳ್ಳೋಕೆ ಅಕ್ಕನಿಗೆ ನಾಚಿಕೆ. "ಹೂಂ ಕಣತ್ತೆ, ಮಗಳಿಗೆ ಒಳ್ಳೇದಾಗ್ಲಿ ಅಂತ" ಅಂದುಬಿಟ್ಟಳು. ಆಯ್ತಲ್ಲ! ಮಾರನೇ ದಿನ ಭಾವ ಹೊರಟಾಗ ಬೀದಿ ಹೆಂಗಸರು ಅರಿಶಿನದ ನೀರು ಹಿಡಿದು ಸಾಲಾಗಿ ನಿಂತಿದ್ದರು. ಚಕ್ರಕ್ಕೆ ನೀರು, ಹ್ಯಾಂಡಲಿಗೆ ಬೇವಿನಸೊಪ್ಪು, ಬೆಲ್ಲಿಗೆ ಕುಂಕುಮ. ಅವತ್ತು ಹಿಂದಿನಿಂದ ತಳ್ಳಿದ್ದ ಹೈಕಳು ಬಂದು ಪೆಡಲು ಮುಟ್ಟಿ ಕಣ್ಣಿಗೊತ್ತಿಕೊಂಡವು. ಮೂಲೆಮನೆಯಿಂದ ಪಾನಕ ಬಂತು, ಅದರ ಪಕ್ಕದ ಮನೆಯಿಂದ ತಂಬಿಟ್ಟು ಬಂತು.

ನಿಜ ಹೇಳಬೇಕಾದ ಹೊತ್ತಲ್ಲಿ ಬಾಯಲ್ಲಿ ತಂಬಿಟ್ಟು ಇದ್ದರೆ ಯಾರು ತಾನೇ ಏನು ಮಾಡೋಕಾಗುತ್ತೆ? ಭಾವ ಕಣ್ಣು ಮುಚ್ಚಿ, ತಲೆ ಆಡಿಸಿ, ಇನ್ನೂ ನಿಧಾನವಾಗಿ ತುಳಿದರು.

ಮಂಡಿ ನೋವು ಶುರುವಾದದ್ದು ಆಗಲೇ. ಮೊದಲು ಮೆಟ್ಟಿಲು ಇಳಿಯುವಾಗ ಚುಳ್ ಅಂತು. ಆಮೇಲೆ ಕೂತು ಎದ್ದಾಗ ಕಟಕ್ ಅಂತು. ಕೊನೆಗೆ ಚಿಪ್ಪಿನ ಸುತ್ತ ಊದಿಕೊಂಡಿತು. ಬಿಡೋಣ ಅಂದರೆ ಬೈರಮ್ಮ, "ಹರಕೆ ಅರ್ಧಕ್ಕೆ ಬಿಟ್ರೆ ಮನೆಗಾಗಲ್ಲ ಕಣಪ್ಪ. ನೋಯ್ಬೇಕು, ನೋಯದೇ ಇದ್ರೆ ಅದ್ಯಾವ ಹರಕೆ" ಅಂತ ಬಾಗಿಲಲ್ಲೇ ನಿಂತಿರೋಳು.

ತಾಂಬೂಲಕ್ಕೆ ಇನ್ನು ಮೂರೇ ದಿನ ಅನ್ನೋವಾಗ ನಾನೂ ಸಿಂಚನಾನೂ ಭಾವನನ್ನ ಆಟೋದಲ್ಲಿ ಉದ್ದಕ್ಕೆ ಕೂರಿಸಿಕೊಂಡು ನೆಲಮಂಗಲದ ಮಂಡಿ ಡಾಕ್ಟರು ಹರ್ಷಿತ ಮೇಡಂ ಹತ್ತಿರ ಹೋದೆವು. ಮೇಡಂ ಮಂಡಿ ಒತ್ತಿ ನೋಡಿ, ಕಥೆಯೆಲ್ಲ ಕೇಳಿ, ಪೆನ್ನು ಕೆಳಗಿಟ್ಟರು.

"ಆ ವಿಡಿಯೋ ಪೂರ್ತಿ ನೋಡಿದ್ರಾ?"

"ಜಾಹೀರಾತು ಬಂತು ಮೇಡಂ."

"ಭಾರದ ಗೇರು, ನಿಧಾನದ ತುಳಿತ ತಪ್ಪೇನಲ್ಲ. ಆದರೆ ಅದು ವರ್ಷಗಟ್ಟಲೆ ಸೈಕಲ್ ಹೊಡೆದು ಕಾಲು ಪಳಗಿರೋರಿಗೆ. ಅವರೂ ಮೊದ್ಲು ಹಗುರವಾಗಿ ತುಳಿದು ಮೈ ಬಿಸಿ ಮಾಡ್ಕೊಂಡು, ಸ್ವಲ್ಪ ಹೊತ್ತು ಭಾರ ತುಳಿದು, ನಡುವೆ ಬಿಟ್ಟು ಬಿಟ್ಟು ಮಾಡ್ತಾರೆ. ನೋವು ಬಂದ್ರೆ ನಿಲ್ಲಿಸ್ತಾರೆ. ನೀವು ಹೊಸಬರು, ಸೀಟು ಬೇರೆ ಇಳಿಸಿದ್ದೀರ. ಒತ್ತಡವೆಲ್ಲ ಮಂಡಿಚಿಪ್ಪಿನ ಹಿಂದೆ ಹೋಗಿದೆ. ಇನ್ಮೇಲೆ ಸೀಟು ಎತ್ತರಿಸಿ, ಹಗುರದ ಗೇರು ಹಾಕಿ, ಕಾಲು ಚುರುಕಾಗಿ ತಿರುಗ್ಲಿ. ಅದೂ ಈಗಲ್ಲ, ಊತ ಇಳಿದ್ಮೇಲೆ. ಅಲ್ಲೀವರ್ಗೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋ ಹಂಗಿಲ್ಲ."

"ಭಾನುವಾರ ತಾಂಬೂಲ ಐತಲ್ಲ ಮೇಡಂ!"

"ಚೇರಲ್ಲಿ ಕೂತ್ಕೊಳಿ."

ನನಗೆ ಮನಸ್ಸು ಅರಳಿತು, ಚೇರು ನನ್ನದೇ ಅಲ್ವಾ. ಆದರೆ ಭಾವ ಕೆಂಡವಾದರು. ತಾಂಬೂಲ ಅಂದರೆ ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಎದುರುಬದುರು ಜಮಖಾನದ ಮೇಲೆ ಕೂತು, ಎಲೆ ಅಡಿಕೆ ಕಾಯಿ ಇಟ್ಟ ತಟ್ಟೆ ಬದಲಾಯಿಸಿಕೊಳ್ಳೋದು. ಬೀಗರು ನೆಲದ ಮೇಲಿದ್ದು ತಾನು ಚೇರಿನ ಮೇಲೆ ಕೂತರೆ ಹೆಣ್ಣಿನ ಕಡೆಯವರ ಸೊಕ್ಕು ನೋಡು ಅಂತಾರೆ. ಮಂಡಿ ನೋವು ಅಂದರೆ ಭಾರದ ಗೇರಿನ ಮಾನ ಹೋಗುತ್ತೆ. "ಯಾರೂ ಬಾಯಿ ಬಿಡಕೂಡದು. ಬಿಟ್ರೆ ನನ್ನಾಣೆ" ಅಂದರು. ಸಿಂಚನ ಕಣ್ಣೊರೆಸಿಕೊಂಡು ಆಟೋ ಕರೆಯೋಕೆ ಹೋದಳು.

ಭಾನುವಾರ ಮಧ್ಯಾಹ್ನ ಅಕ್ಕನ ಮನೆ ಮುಂದೆ ನನ್ನ ಶಾಮಿಯಾನ, ನನ್ನ ಕೆಂಪು ಜಮಖಾನ. ಪುರೋಹಿತರು ಪಂಚಾಂಗ ಬಿಚ್ಚಿ, "ನಾಲ್ಕೂವರೆಗೆ ರಾಹುಕಾಲ ಬಂದುಬಿಡುತ್ತೆ, ಬೇಗ ಕೂತ್ಕೊಳಿ" ಅಂದರು. ಓಲಗದವರು ಪೀಪಿ ಒದ್ದೆ ಮಾಡಿಕೊಂಡು ಕಾಯ್ತಾ ಇದ್ದರು.

ಭಾವ ಕೈ ಮುಗಿದರು. "ಕೂತ್ಕಳಿ ಬೀಗ್ರೆ."

ಚಿಕ್ಕವೆಂಕಟಪ್ಪನವರೂ ಕೈ ಮುಗಿದರು. "ನೀವು ಕೂತ್ಕಳಿ. ನಿಮ್ಮನೆ."

"ನಮ್ಮನೆ ಅಂತಲೇ ನೀವು ಮೊದ್ಲು ಕೂರ್ಬೇಕು. ನೀವು ಗಂಡಿನ ಕಡೆಯೋರು."

"ಹೆಣ್ಣು ಕೊಡೋರು ದೊಡ್ಡೋರು. ನೀವು ಕೂರದೆ ನಾನು ಕೂರಲ್ಲ."

"ನೀವು ಕೂರದೆ ನಾನೂ ಕೂರಲ್ಲ."

ಮೊದಲು ಜನ ಮೆಚ್ಚಿದರು. ಎಂಥಾ ಮರ್ಯಾದಸ್ಥರು, ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಅಂದರು. ಸ್ವಲ್ಪ ಹೊತ್ತಾದ ಮೇಲೆ ಮೆಚ್ಚೋದು ನಿಂತಿತು. ಮರ್ಯಾದೆ ಹೆಚ್ಚಾದರೆ ಜಗಳದ ಥರಾನೇ ಕೇಳಿಸುತ್ತೆ. ಗಂಡಿನ ಕಡೆ ಒಬ್ಬ ದಪ್ಪ ಮೀಸೆಯವನು, "ಯಾಕೆ, ನಮ್ ಯಜಮಾನ್ರಿಗೆ ಸರಿಸಮ ಕೂರೋಕೆ ಇವ್ರಿಗೆ ಆಗಲ್ವಾ?" ಅಂದ. ನಮ್ಮ ಕಡೆಯಿಂದ ಯಾರೋ, "ನಿಮ್ಮೋರೂ ನಿಂತೇ ಅವ್ರಲ್ಲ, ಜಮಖಾನದಾಗೆ ಮುಳ್ಳೈತಾ?" ಅಂದರು. ಅದು ನನ್ನ ಜಮಖಾನ ಆದ್ದರಿಂದ ಆ ಮಾತು ನನಗೆ ನೇರ ಎದೆಗೆ ತಾಗಿತು.

"ಬೇಗ, ಬೇಗ" ಅಂದರು ಪುರೋಹಿತರು.

ಆಗ ಬೈರಮ್ಮ ಎದ್ದು ನಿಂತಳು. ಎಲ್ಲ ಸರಿಮಾಡಿಬಿಡ್ತೀನಿ ಅನ್ನೋ ಕಳೆ ಅವಳ ಮುಖದಲ್ಲಿ.

"ಬಲವಂತ ಮಾಡಬ್ಯಾಡ್ರಪ್ಪ ಅವ್ನಿಗೆ. ಮಗಳ ಸಲುವಾಗಿ ಘೋರ ಹರಕೆ ಹೊತ್ಕಂಡವ್ನೆ. ಮೂರು ದಿನದಿಂದ ನೋಡ್ತಾ ಇದೀನಿ, ಮಂಡಿ ಮಡಿಸಂಗಿಲ್ಲ."

ಹುಡುಗನ ತಾಯಿ ಹನುಮಕ್ಕ, ಗಟ್ಟಿ ಹೆಂಗಸು, ಬಾಯಿಗೆ ಹಾಕಿಕೊಳ್ಳೋಕೆ ಮಡಿಚಿದ್ದ ಎಲೆಯನ್ನ ಅಲ್ಲೇ ಇಳಿಸಿದರು.

"ಹರಕೆನಾ? ಎಂಥಾ ಹರಕೆ? ಹುಡುಗಿಗೆ ಏನಾಗಿತ್ತು?"

"ಏನೂ ಆಗಿಲ್ಲ!" ಅಂದಳು ಅಕ್ಕ.

"ಏನೂ ಆಗದೆ ಯಾರವ್ವ ಮಂಡಿ ಮಡಿಸದಿರೋ ಹರಕೆ ಹೊರ್ತಾರೆ? ಸಣ್ಣ ಕಷ್ಟಕ್ಕೆ ತೆಂಗಿನಕಾಯಿ ಒಡೀತಾರೆ, ದೊಡ್ಡದಕ್ಕೆ ಮುಡಿ ಕೊಡ್ತಾರೆ. ಇದು ಅದಕ್ಕೂ ದೊಡ್ಡದು. ಮೂರ್ಛೆನಾ? ಗಾಳಿನಾ? ಮುಚ್ಚಿಟ್ಟು ನಮ್ ಹುಡುಗನ ಕೊರಳಿಗೆ ಕಟ್ತಿದ್ದೀರಾ?"

"ದಿನಾ ಸೈಕಲ್ ಮ್ಯಾಲೆ ಬೇವಿನಸೊಪ್ಪು ಕಟ್ಕಂಡು ಹೋಗೋನವ್ವ!" ಅಂತ ಬೈರಮ್ಮ ಇನ್ನೊಂದು ಸಾಕ್ಷಿ ಒದಗಿಸಿದಳು.

"ಬೇವಿನಸೊಪ್ಪು! ಗಾಳೀನೇ!" ಅಂದ ಮೀಸೆಯವನು.

ಆನಂದ್ "ಅಮ್ಮ, ಹಂಗೆಲ್ಲ ಏನಿಲ್ಲ" ಅಂತ ಬಡಕೊಂಡ. ಅವನ ಮಾತು ಕೇಳೋರು ಯಾರು? "ಏಳ್ರಿ, ಹೋಗಾಣ" ಅಂತ ಹನುಮಕ್ಕ ಗಂಡನಿಗೆ ಹೇಳಿದರು. ಚಿಕ್ಕವೆಂಕಟಪ್ಪನವರು ಕೂತೇ ಇರಲಿಲ್ಲವಾದ್ದರಿಂದ ಏಳೋದು ಸುಲಭವಾಯಿತು. ಗಂಡಿನ ಕಡೆಯವರು ಚಪ್ಪಲಿ ಹುಡುಕೋಕೆ ಶುರುಮಾಡಿದರು. ಇಷ್ಟೂ ದಿನ ನಗ್ತಾ ಇದ್ದ ನಾನು ಆಗ ಓಡಿಹೋಗಿ ಚಪ್ಪಲಿ ರಾಶಿಗೆ ಅಡ್ಡ ನಿಂತೆ. ಹುಡುಗಿಗೆ ಗಾಳಿ ಅಂತ ಒಂದು ಸಲ ಹೆಸರು ಬಂದರೆ ಮುಗೀತು, ನೆಲಮಂಗಲದಿಂದ ತುಮಕೂರಿನವರೆಗೆ ಬಾಗಿಲು ತೆಗೆಯೋರಿಲ್ಲ.

ಆಗ ಒಳಮನೆಯಿಂದ ಸಿಂಚನ ಬಂದಳು. ರೇಷ್ಮೆ ಸೀರೆ, ಮಲ್ಲಿಗೆ ಮಾಲೆ, ಮೂಗಿನ ತುದಿ ಕೆಂಪು.

"ನಂಗೇನೂ ಆಗಿಲ್ಲ! ಅಪ್ಪಂಗೆ ಮಂಡಿನೋವು! ಭಾರದ ಗೇರ್ ತುಳಿದು ತುಳಿದು ಮಂಡಿ ಊದ್ಕಂಡೈತೆ! ಹರಕೆನೂ ಇಲ್ಲ, ಮಣ್ಣೂ ಇಲ್ಲ!"

ಇಲ್ಲಿಗೆ ಎಲ್ಲ ಮುಗೀಬೇಕಿತ್ತು. ಆದರೆ ಭಾವ ಎದೆ ಸೆಟೆಸಿ, "ಯಾರ್ಗೆ ನೋವು? ನನ್ ಮಂಡಿ ಗುಂಡುಕಲ್ಲು ಇದ್ದಂಗೈತೆ. ನೋಡ್ರಿ!" ಅಂತ ಕೂರೋಕೆ ಹೊರಟರು.

ಅರ್ಧ ದಾರಿಗೆ ಮಂಡಿ ಒಲ್ಲೆ ಅಂತು. ಭಾವ ಇತ್ತ ಕೂತೂ ಇಲ್ಲ, ಅತ್ತ ನಿಂತೂ ಇಲ್ಲ. ಬೀಳೋ ಭಯಕ್ಕೆ ಎದುರಿಗಿದ್ದ ಬೀಗರ ಭುಜವನ್ನ ಗಬಕ್ ಅಂತ ಹಿಡಕೊಂಡರು. ಆ ಭಾರಕ್ಕೆ ಚಿಕ್ಕವೆಂಕಟಪ್ಪನವರೂ ಅರ್ಧ ಕುಸಿದು, ಭಾವನ ಸೊಂಟ ತಬ್ಬಿಕೊಂಡು, ಅಲ್ಲೇ ಸಿಕ್ಕಿಹಾಕಿಕೊಂಡರು. ಬೀಗರಿಬ್ಬರೂ ಸಿಟ್ಟು ಮರೆತು ಅಪ್ಪಿಕೊಂಡರು ಅಂತ ಓಲಗದವರಿಗೆ ಅನ್ನಿಸಿತು. ಗಟ್ಟಿಮೇಳ ಬಾರಿಸಿಯೇಬಿಟ್ಟರು. ಹಿಂದೆ ಕೂತಿದ್ದವರು ಏನೂ ಕಾಣದೆ ಅಕ್ಷತೆ ಎರಚಿದರು.

ಗಟ್ಟಿಮೇಳದ ಮೇಲೆ ಒಂದು ದನಿ ಕೇಳಿಸಿತು. "ಅಯ್ಯಯ್ಯೋ! ನನ್ ಮಂಡಿ!"

ಅದು ನಮ್ಮ ಭಾವನ ದನಿ ಅಲ್ಲ.

ಓಲಗ ನಿಂತಿತು. ಹನುಮಕ್ಕ ಚಪ್ಪಲಿಯನ್ನ ಕೈಯಲ್ಲಿ ಹಿಡಿದೇ ಗಂಡನ ಹತ್ತಿರ ಬಂದರು. "ನಿಮ್ ಮಂಡಿಗೇನಾಯ್ತು?"

ಚಿಕ್ಕವೆಂಕಟಪ್ಪನವರು ಭಾವನ ತೋಳಿನ ಸಂದಿಯಿಂದಲೇ, "ಏನಿಲ್ಲ ಕಣೆ" ಅಂದರು.

ಆನಂದ್ ಬಾಯಿಬಿಟ್ಟ. "ಅಮ್ಮ, ಅಪ್ಪ ದಿನಾ ಸೈಕಲ್ ಹೊಡೀತಿದ್ದದ್ದು ಟೀ ಅಂಗಡಿವರ್ಗೆ, ಹಗುರದ ಗೇರಲ್ಲಿ. ಇವ್ರು ಭಾರದ ಗೇರು ಅಂದಿದ್ದೇ ಅಂದಿದ್ದು, ಅವತ್ತಿಂದ ಅಪ್ಪಾನೂ ಭಾರದ್ದೇ ಹಾಕ್ಕಂಡ್ರು. ಅರಿಶಿನಕುಂಟೆ ಬೀಗ್ರು ಒಂದೊಂದೇ ತುಳಿತ ಹಾಕ್ತಾರಂತೆ ಅಂತ ಯಾರೋ ಹೇಳಿದ್ರು, ಅಪ್ಪ ಅದಕ್ಕಿಂತ ನಿಧಾನ ಮಾಡಿದ್ರು. ಒಂದು ವಾರದಿಂದ, ಜೀರ್ಣಕ್ಕೆ ಒಳ್ಳೇದು ಅಂತ ನಿಂಗೆ ಹೇಳ್ಕಂಡು, ನಿಂತೇ ಊಟ ಮಾಡ್ತಾವ್ರೆ. ನಂಗೂ ಆಣೆ ಹಾಕಿದ್ರು."

ನಾನು, ಮೀಸೆಯವನು, ಇನ್ನಿಬ್ಬರು ಸೇರಿ ಬೀಗರಿಬ್ಬರನ್ನೂ ಬಿಡಿಸಿ ನೆಟ್ಟಗೆ ನಿಲ್ಲಿಸಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹನುಮಕ್ಕ ಚಪ್ಪಲಿ ಕೆಳಗೆ ಹಾಕಿ, ಸಿಂಚನಳ ಗಲ್ಲ ಹಿಡಿದು, "ತಪ್ಪಾಯ್ತು ಕಣವ್ವ. ಗಾಳಿ ಹಿಡಿದಿರೋದು ಈ ಇಬ್ರಿಗೆ" ಅಂದರು. ಸಿಂಚನ ಅತ್ತಳು, ನಕ್ಕಳು, ಮತ್ತೆ ಅತ್ತಳು.

"ಅಯ್ಯೋ, ರಾಹುಕಾಲ!" ಅಂತ ಪುರೋಹಿತರು ಕೂಗಿದರು. ನಾನು ಹುಮ್ಮಸ್ಸಿನಿಂದ ಎರಡು ಚೇರು ತಂದೆ. ಇಬ್ಬರೂ ಒಟ್ಟಿಗೆ, "ಚೇರಲ್ಲಿ ನಾನು ಕೂರಲ್ಲ" ಅಂದರು.

ನಮ್ಮ ಅಕ್ಕ ಅಂಜಿನಮ್ಮ ಜನ್ಮದಲ್ಲಿ ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ. ಅವತ್ತು ಸೆರಗು ಸಿಕ್ಕಿಸಿ, ತಾಂಬೂಲದ ತಟ್ಟೆ ಎತ್ತಿಕೊಂಡು, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. "ಬನ್ನಿ ಬೀಗ್ತಿ, ಹೊತ್ತಾಯ್ತು."

ಹನುಮಕ್ಕ ಎದುರಿಗೆ ಅಷ್ಟೇ ಚುರುಕಾಗಿ ಕೂತರು.

"ಅಮ್ಮಾ, ಹೆತ್ತವರು ಅಂದರೆ ಯಜಮಾನರು ಕೂರೋದು ಸಂಪ್ರದಾಯ..." ಅಂತ ಪುರೋಹಿತರು ರಾಗ ತೆಗೆದರು.

"ಹೆತ್ತಿದ್ದು ನಾವೇ ಸ್ವಾಮಿ. ಇವ್ರು ಆಸ್ಪತ್ರೆ ಹೊರಗೆ ಟೀ ಕುಡೀತಿದ್ರು. ಮಂತ್ರ ಹೇಳಿ" ಅಂದಳು ಅಕ್ಕ.

ಪುರೋಹಿತರು ಗಡಿಯಾರ ನೋಡಿದರು, ಸಂಪ್ರದಾಯ ಬಿಟ್ಟು ಮಂತ್ರ ಹಿಡಿದರು. ತಟ್ಟೆ ಬದಲಾಯಿತು. ಈ ಸಲ ಗಟ್ಟಿಮೇಳ ಸರಿಯಾದ ಹೊತ್ತಿಗೆ ಬಂತು. ಭಾವ ಮತ್ತು ಬೀಗರು ಆ ಕಡೆ ಈ ಕಡೆ ಶಾಮಿಯಾನದ ಕಂಬ ಹಿಡಿದು ನಿಂತಿದ್ದರು.

"ಇನ್ನು ಧಾರೆಗೆ ಲಗ್ನ ನೋಡೋಣ" ಅಂತ ಪುರೋಹಿತರು ಪಂಚಾಂಗದ ಹಾಳೆ ತಿರುವಿದರು.

ಅಕ್ಕ ತಡೆದಳು. "ಪಂಚಾಂಗ ಆಮೇಲೆ ನೋಡಿ ಸ್ವಾಮಿ. ಧಾರೆ ಎರೆಯೋಕೆ ಇವ್ರು ಕೂರ್ಲೇಬೇಕು, ಅದಕ್ಕೆ ಮಾತ್ರ ನಾನು ಬದ್ಲಿ ಕೂರಲ್ಲ. ಇಬ್ರುನ್ನೂ ನಾಳೆ ಮಂಡಿ ಡಾಕ್ಟ್ರ ಹತ್ರ ಕರ್ಕಂಡೋಗ್ತೀವಿ. ಆಯಮ್ಮ ಯಾವತ್ತು ಮಂಡಿ ಮಡಚ್ತದೆ ಅಂತಾರೋ, ಅದಾದ್ಮೇಲಿನ ಲಗ್ನ ಹೇಳಿ."

"ಸರಿಯಾಗಿ ಅಂದ್ರಿ" ಅಂದರು ಹನುಮಕ್ಕ.

ಕಂಬದ ಹತ್ತಿರದಿಂದ ಭಾವ ಗಂಟಲು ಸರಿಮಾಡಿಕೊಂಡರು. "ನಂದೇನು, ಒಂದು ತಿಂಗಳಲ್ಲಿ ನೆಟ್ಟಗಾಗ್ತದೆ."

ಆ ಕಡೆ ಕಂಬದಿಂದ ಚಿಕ್ಕವೆಂಕಟಪ್ಪನವರು, "ತಿಂಗಳು ಯಾಕೆ ಬೀಗ್ರೆ? ನಂಗೆ ಮೂರು ವಾರ ಸಾಕು" ಅಂದರು.

"ಹಂಗಂದ್ರೆ ನಂಗೆ ಎರಡು ವಾರ..."

"ಅಪ್ಪಾ!"

ಸಿಂಚನ ಆನಂದ್ ಇಬ್ಬರೂ ಒಂದೇ ಉಸಿರಿಗೆ ಕಿರುಚಿದರು. ಬಂಧುಬಳಗದ ಮುಂದೆ ಆ ಜೋಡಿ ಒಟ್ಟಿಗೆ ಆಡಿದ ಮೊದಲ ಮಾತು ಅದು.